ರೇಸಿನ ಕೊನೆಯಲ್ಲಿ ಓಡುವ ಕಾರು

ವರ್ಷಕ್ಕೆ ಐದಾರು ಭಾನುವಾರಗಳನ್ನು ನಾನು ತಮಿಳುನಾಡಿನ ಒಂದು ರೇಸ್ ಟ್ರ್ಯಾಕಿನ ಪಕ್ಕ, ನಿಂತ ಕಾರಿನೊಳಗೆ ಕೂತು ಕಳೆಯುತ್ತೇನೆ. ಮೈಮೇಲೆ ಬೆಂಕಿ ತಡೆಯುವ ಬಟ್ಟೆಯ ಉಡುಪು, ತೊಡೆಯ ಮೇಲೆ ಹೆಲ್ಮೆಟ್ಟು, ಹಿಂದಿನ ಸೀಟಿನಲ್ಲಿ ಆಕ್ಸಿಜನ್ ಸಿಲಿಂಡರು, ಕಾಲ ಬಳಿ ಎರಡು ಚೀಲ. ವೃತ್ತಿಯಿಂದ ನಾನು ಅರಿವಳಿಕೆ ತಜ್ಞ. ಆಪರೇಷನ್ ಥಿಯೇಟರಿನ ತಣ್ಣನೆಯ ಗಾಳಿಗೆ ಒಗ್ಗಿದ ಮೈ ಅಲ್ಲಿನ ಬಿಸಿಲಿಗೆ ಬೆವರಿ ತೊಪ್ಪೆಯಾಗುತ್ತದೆ. ಊರಿನಿಂದ ಅಮ್ಮ ಫೋನ್ ಮಾಡಿದಾಗಲೆಲ್ಲ ಅದೇ ಪ್ರಶ್ನೆ. "ಭಾನುವಾರನೂ ಡ್ಯೂಟಿನಾ? ದುಡ್ಡಾದ್ರೂ ಕೊಡ್ತಾರೇನಪ್ಪಾ?" ಇಲ್ಲಮ್ಮ, ಊಟ ಕೊಡ್ತಾರೆ ಅನ್ನುತ್ತೇನೆ. "ಮತ್ತೆ ಅಲ್ಲಿ ಏನ್ ಮಾಡ್ತೀಯ?" ಕೂತಿರ್ತೀನಿ ಅನ್ನುತ್ತೇನೆ. ಅಮ್ಮ ನಗುತ್ತಾಳೆ.

ಆದರೆ ನಾನು ಹೇಳುವುದು ನಿಜ. ಹತ್ತು ಸಲ ಹೋದರೆ ಎಂಟು ಸಲ ಚೀಲದ ಜಿಪ್ಪನ್ನೂ ಎಳೆಯದೆ ವಾಪಸು ಬರುತ್ತೇನೆ. ಹಾಗೆ ಸುಮ್ಮನೆ ಕೂತಿದ್ದ ಒಂದು ಮಧ್ಯಾಹ್ನ, ಈ ಸೀಟು ಇಲ್ಲಿಗೆ ಬಂದದ್ದು ಹೇಗೆ ಎಂದು ಯೋಚಿಸತೊಡಗಿದೆ. ರೇಸಿಗೂ ಡಾಕ್ಟರಿಗೂ ಮೊದಲಿಂದ ನಂಟಿತ್ತು ಎಂದುಕೊಂಡಿದ್ದೆ. ಓದುತ್ತಾ ಹೋದಂತೆ ಗೊತ್ತಾಯಿತು: ಮೋಟಾರು ರೇಸು ಶುರುವಾಗಿ ಮುಕ್ಕಾಲು ಶತಮಾನ ಕಳೆಯುವವರೆಗೂ ಈ ಸೀಟಿನಲ್ಲಿ ಕೂರುವುದು ಯಾರ ಕಾಯಂ ಕೆಲಸವೂ ಆಗಿರಲಿಲ್ಲ.

1966ರ ಜೂನ್ 12. ಬೆಲ್ಜಿಯಂ ದೇಶದ ಸ್ಪಾ. ಆಗಿನ ಸ್ಪಾ ಟ್ರ್ಯಾಕು ಹದಿನಾಲ್ಕು ಕಿಲೋಮೀಟರಿಗೂ ಉದ್ದ. ಹಳ್ಳಿ, ಹೊಲ, ಮನೆಗಳ ನಡುವೆ ಹಾಯುವ ಸಾಮಾನ್ಯ ರಸ್ತೆಯನ್ನೇ ಆ ದಿನಕ್ಕೆ ರೇಸಿಗೆ ಬಿಟ್ಟುಕೊಡುತ್ತಿದ್ದರು. ಮೊದಲ ಸುತ್ತಿನಲ್ಲೇ ಒಂದು ಕಡೆ ಮಳೆ ಹೊಯ್ಯಿತು. ಒಣ ರಸ್ತೆಯಲ್ಲಿ ಹೊರಟ ಕಾರುಗಳು ನೀರಿಗೆ ಸಿಕ್ಕಿ ಒಂದೊಂದಾಗಿ ಜಾರಿದವು. ಸ್ಕಾಟ್ಲೆಂಡಿನ ಜಾಕಿ ಸ್ಟೀವರ್ಟ್‌ನ ಕಾರು ರಸ್ತೆ ಬಿಟ್ಟು ಹಾರಿ ಒಂದು ತೋಟದ ಮನೆಯ ಬಳಿ ನುಜ್ಜುಗುಜ್ಜಾಗಿ ಬಿತ್ತು. ಸ್ಟೀರಿಂಗ್ ಚಕ್ರ ಕಾಲನ್ನು ಒತ್ತಿ ಹಿಡಿದಿತ್ತು. ಒಡೆದ ಟ್ಯಾಂಕಿನಿಂದ ಪೆಟ್ರೋಲು ಅವನ ಮೈಮೇಲೆ ಸೋರುತ್ತಿತ್ತು. ಒಂದು ಕಿಡಿ ಸಾಕಿತ್ತು.

ಬಂದವರು ಯಾರು? ಡಾಕ್ಟರಲ್ಲ, ಅಗ್ನಿಶಾಮಕ ದಳವಲ್ಲ, ಮಾರ್ಷಲ್ಲುಗಳಲ್ಲ. ಅದೇ ಜಾಗದಲ್ಲಿ ಜಾರಿ ರೇಸಿನಿಂದ ಹೊರಬಿದ್ದಿದ್ದ ಇನ್ನಿಬ್ಬರು ಚಾಲಕರು, ಗ್ರಹಾಂ ಹಿಲ್ ಮತ್ತು ಬಾಬ್ ಬಾಂಡುರಾಂಟ್. ಸ್ಟೀರಿಂಗ್ ಬಿಚ್ಚಲು ಸ್ಪ್ಯಾನರು ಬೇಕು, ಅದು ಅವರಲ್ಲಿಲ್ಲ. ರೇಸು ನೋಡಲು ಬಂದಿದ್ದ ಯಾರದೋ ಕಾರಿನಿಂದ ಕಡ ತಂದು ಬಿಚ್ಚಿದರು. ಅಷ್ಟರಲ್ಲಿ ಸುಮಾರು ಇಪ್ಪತ್ತೈದು ನಿಮಿಷ ಕಳೆದಿತ್ತು. ಆಮೇಲೆ ಬಂದ ಆಂಬುಲೆನ್ಸು ಅವನನ್ನು ಟ್ರ್ಯಾಕಿನ ಪ್ರಥಮ ಚಿಕಿತ್ಸಾ ಕೋಣೆಗೆ ಒಯ್ದಿತು. ಅಲ್ಲಿ ಸ್ಟ್ರೆಚರನ್ನು ಇಟ್ಟದ್ದು ಸಿಗರೇಟು ತುಂಡುಗಳು ಚೆಲ್ಲಾಡಿದ್ದ ನೆಲದ ಮೇಲೆ. ಅಲ್ಲಿಂದ ಲಿಯೇಜ್ ನಗರದ ಆಸ್ಪತ್ರೆಗೆ ಹೊರಟ ಆಂಬುಲೆನ್ಸು ದಾರಿಯಲ್ಲಿ ಪೊಲೀಸ್ ಬೆಂಗಾವಲನ್ನು ತಪ್ಪಿಸಿಕೊಂಡು, ಹಾದಿಯನ್ನೂ ತಪ್ಪಿತು.

ಸ್ಟೀವರ್ಟ್ ಬದುಕಿದ. ಮುಂದೆ ಮೂರು ಸಲ ವಿಶ್ವ ಚಾಂಪಿಯನ್ ಆದ. ಆ ದಿನದ ನಂತರ ತನ್ನ ಕಾರಿನ ಸ್ಟೀರಿಂಗಿಗೆ ಒಂದು ಸ್ಪ್ಯಾನರನ್ನು ಟೇಪಿನಿಂದ ಅಂಟಿಸಿಕೊಂಡು ಓಡಿಸತೊಡಗಿದ. ಸಂಘಟಕರನ್ನು ನಂಬದೆ ತನ್ನದೇ ಡಾಕ್ಟರನ್ನು ರೇಸಿಗೆ ಕರೆದೊಯ್ಯುತ್ತಿದ್ದ. ಅವನ ತಂಡವಾದ ಬಿಆರ್‌ಎಂನ ಮುಖ್ಯಸ್ಥ ಲೂಯಿ ಸ್ಟಾನ್ಲಿ 1967ರಲ್ಲಿ ಚಕ್ರಗಳ ಮೇಲಿನ ಒಂದು ಸಂಚಾರಿ ಆಸ್ಪತ್ರೆಯನ್ನೇ ಕಟ್ಟಿಸಿ ಯುರೋಪಿನ ಟ್ರ್ಯಾಕುಗಳಿಗೆ ಕಳಿಸಿದ. ಒಳ್ಳೆಯ ಯೋಚನೆ. ಆದರೆ ಅದರಲ್ಲೊಂದು ಕೊರತೆಯಿತ್ತು. ಆಸ್ಪತ್ರೆ ಟ್ರ್ಯಾಕಿನ ಗೇಟಿನವರೆಗೆ ಬಂತು; ಬಿದ್ದವನ ಬಳಿಗೆ ಬರಲಿಲ್ಲ.

ಆ ನಡುವಿನ ದೂರ ಎಷ್ಟು ದೊಡ್ಡದು ಎಂಬುದನ್ನು 1973ರ ಜುಲೈ 29ರಂದು ಜಗತ್ತು ಟಿವಿಯಲ್ಲಿ ನೋಡಿತು. ನೆದರ್ಲೆಂಡ್ಸ್‌ನ ಜಾಂಡ್‌ವೂರ್ಟ್ ಟ್ರ್ಯಾಕಿನಲ್ಲಿ ರೋಜರ್ ವಿಲಿಯಮ್ಸನ್ ಎಂಬ ಇಪ್ಪತ್ತೈದರ ಹುಡುಗನ ಕಾರು ಮಗುಚಿ ಬೆಂಕಿ ಹತ್ತಿಕೊಂಡಿತು. ಹಿಂದೆ ಬರುತ್ತಿದ್ದ ಡೇವಿಡ್ ಪರ್ಲಿ ತನ್ನ ಕಾರು ನಿಲ್ಲಿಸಿ ಓಡಿಬಂದು ಒಬ್ಬನೇ ಅದನ್ನು ಎತ್ತಿ ಹೊರಳಿಸಲು ನೋಡಿದ. ಅಲ್ಲಿದ್ದ ಮಾರ್ಷಲ್ಲುಗಳಿಗೆ ಬೆಂಕಿ ತಡೆಯುವ ಉಡುಪಿರಲಿಲ್ಲ, ಹತ್ತಿರ ಹೋಗಲಾರದೆ ನಿಂತರು. ರೇಸು ನಿಲ್ಲಲಿಲ್ಲ. ಹಾದುಹೋಗುತ್ತಿದ್ದ ಚಾಲಕರು ಉರಿಯುವ ಕಾರಿನ ಪಕ್ಕ ಓಡಾಡುತ್ತಿದ್ದ ಪರ್ಲಿಯನ್ನು ನೋಡಿ, ಆ ಕಾರಿನವನು ಇವನೇ, ಹೊರಗೆ ಬಂದಿದ್ದಾನೆ ಎಂದುಕೊಂಡು ಮುಂದೆ ಹೋದರು. ಪರ್ಲಿಗೆ ಆಮೇಲೆ ಬ್ರಿಟನ್ನಿನ ಜಾರ್ಜ್ ಪದಕ ಕೊಟ್ಟರು. ವಿಲಿಯಮ್ಸನ್ ಅಲ್ಲೇ ತೀರಿಕೊಂಡಿದ್ದ.

ಇಲ್ಲಿಗೆ ಸಿಡ್ ವಾಟ್ಕಿನ್ಸ್ ಬರುತ್ತಾರೆ. 1928ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವರು. ಅಪ್ಪ ಗಣಿ ಕೆಲಸ ಬಿಟ್ಟು ಗ್ಯಾರೇಜು ಇಟ್ಟವರು. ಮಗ ಅದೇ ಗ್ಯಾರೇಜಿನಲ್ಲಿ ಕೈ ಕರಿ ಮಾಡಿಕೊಂಡು ಬೆಳೆದು ನರಶಸ್ತ್ರಚಿಕಿತ್ಸಕನಾದ. ಆಕ್ಸ್‌ಫರ್ಡಿನಲ್ಲಿ ತರಬೇತಿಯಲ್ಲಿದ್ದಾಗ ಬಿಡುವಿನ ದಿನಗಳಲ್ಲಿ ರೇಸ್ ಡಾಕ್ಟರಾಗಿ ಹೋಗುತ್ತಿದ್ದರು. ಅಂದರೆ ನಮ್ಮ ಹಾಗೆಯೇ, ಹುಚ್ಚಿಗೆ ಹೋದವರು. 1962ರಲ್ಲಿ ಅಮೆರಿಕದ ಸಿರಕ್ಯೂಸಿಗೆ ಪ್ರಾಧ್ಯಾಪಕರಾಗಿ ಹೋದ ಮೇಲೆ ಹತ್ತಿರದ ವಾಟ್ಕಿನ್ಸ್ ಗ್ಲೆನ್ ಟ್ರ್ಯಾಕಿಗೆ ತಮ್ಮ ಆಸ್ಪತ್ರೆಯ ಗೆಳೆಯರನ್ನೂ ಸಲಕರಣೆಗಳನ್ನೂ ತಾವೇ ಹೊತ್ತೊಯ್ಯುತ್ತಿದ್ದರು, ಅಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲವೆಂದು. 1978ರಲ್ಲಿ ಫಾರ್ಮುಲಾ ಒನ್‌ನ ಬರ್ನಿ ಎಕ್ಲೆಸ್ಟನ್ ಅವರನ್ನು ಎಲ್ಲ ರೇಸುಗಳಿಗೂ ಬರುವಂತೆ ಕೇಳಿಕೊಂಡ. ಹೋದಲ್ಲೆಲ್ಲ ಸ್ಥಳೀಯರು ಇವರನ್ನು ತಮ್ಮ ತಪ್ಪು ಹಿಡಿಯಲು ಬಂದ ಇನ್‌ಸ್ಪೆಕ್ಟರಂತೆ ನೋಡಿದರು. ಕೆಲವು ಕಡೆ ವೈದ್ಯಕೀಯ ಕೇಂದ್ರವೆಂದರೆ ಬರೀ ಒಂದು ಡೇರೆ.

ಆ ವರ್ಷದ ಸೆಪ್ಟೆಂಬರ್ 10ರಂದು ಇಟಲಿಯ ಮೊಂಜಾದಲ್ಲಿ ರೇಸು ಶುರುವಾದ ಕ್ಷಣಗಳಲ್ಲೇ ಹಲವು ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಸ್ವೀಡನ್ನಿನ ರಾನಿ ಪೀಟರ್‌ಸನ್‌ನ ಕಾರಿಗೆ ಬೆಂಕಿ ಬಿತ್ತು. ಜೇಮ್ಸ್ ಹಂಟ್ ಮತ್ತು ಇತರ ಚಾಲಕರು ಅವನನ್ನು ಎಳೆದು ಹೊರಗೆ ಹಾಕಿದರು. ಕಾಲುಗಳು ಜಜ್ಜಿಹೋಗಿದ್ದವು, ಆದರೆ ಎಚ್ಚರವಿತ್ತು. ವಾಟ್ಕಿನ್ಸ್ ಓಡಿದರು. ಜನ ನುಗ್ಗದಂತೆ ಸಾಲುಗಟ್ಟಿ ನಿಂತಿದ್ದ ಪೊಲೀಸರು ಡಾಕ್ಟರನ್ನೂ ಒಳಗೆ ಬಿಡಲಿಲ್ಲ. ಆಂಬುಲೆನ್ಸು ಬರಲು ಕಾಲುಗಂಟೆಗೂ ಮೀರಿತು. ಆ ರಾತ್ರಿ ಮಿಲಾನಿನ ಆಸ್ಪತ್ರೆಯಲ್ಲಿ ಕಾಲಿನ ಶಸ್ತ್ರಚಿಕಿತ್ಸೆಯಾಯಿತು. ಮುರಿದ ಮೂಳೆಯೊಳಗಿನ ಕೊಬ್ಬು ರಕ್ತಕ್ಕೆ ಸೇರಿ, ಶ್ವಾಸಕೋಶ ಮತ್ತಿತರ ಅಂಗಗಳ ಸಣ್ಣ ನಾಳಗಳನ್ನು ಕಟ್ಟಿತು. ಬೆಳಿಗ್ಗೆ ಅವನಿರಲಿಲ್ಲ. ಡಾಕ್ಟರು ಮೊದಲೇ ತಲುಪಿದ್ದರೆ ಅವನು ಉಳಿಯುತ್ತಿದ್ದ ಎಂದು ನಾನು ಹೇಳಲಾರೆ. ಆದರೆ ಕೆಲವೇ ನೂರು ಮೀಟರು ದೂರದಲ್ಲಿ ಡಾಕ್ಟರಿದ್ದೂ ಗಾಯಾಳುವಿನ ಬಳಿಗೆ ಹೋಗಲಾಗಲಿಲ್ಲ ಎಂಬುದಂತೂ ಎಲ್ಲರ ಕಣ್ಣೆದುರು ನಡೆದದ್ದು.

ವಾಟ್ಕಿನ್ಸ್ ಎಕ್ಲೆಸ್ಟನ್‌ನ ಮುಂದೆ ಬೇಡಿಕೆಗಳನ್ನಿಟ್ಟರು: ಒಳ್ಳೆಯ ಸುರಕ್ಷತಾ ಸಲಕರಣೆ, ಜೊತೆಗೊಬ್ಬ ಅರಿವಳಿಕೆ ತಜ್ಞ, ಡಾಕ್ಟರಿಗೊಂದು ವೇಗದ ಕಾರು, ಗಾಯಾಳುವನ್ನು ಒಯ್ಯಲು ಹೆಲಿಕಾಪ್ಟರು. ಮುಂದಿನ ರೇಸು ವಾಟ್ಕಿನ್ಸ್ ಗ್ಲೆನ್‌ನಲ್ಲಿ. ಅಂದಿನಿಂದ ಮೊದಲ ಸುತ್ತಿನಲ್ಲಿ, ಎಲ್ಲ ರೇಸ್ ಕಾರುಗಳ ಬೆನ್ನಿಗೆ ವೈದ್ಯಕೀಯ ಕಾರು ಓಡುತ್ತಿದೆ. ಏಕೆ ಮೊದಲ ಸುತ್ತು? ಎಲ್ಲರೂ ಒತ್ತೊತ್ತಾಗಿರುವುದು, ಟ್ಯಾಂಕುಗಳು ತುಂಬಿರುವುದು, ಟೈರುಗಳು ಇನ್ನೂ ಕಾಯದಿರುವುದು ಆಗಲೇ. ಡಿಕ್ಕಿಯಾದರೆ ಡಾಕ್ಟರಿಗೆ ಯಾರೂ ಸುದ್ದಿ ಮುಟ್ಟಿಸಬೇಕಿಲ್ಲ, ಕಣ್ಣಾರೆ ಕಂಡಿರುತ್ತಾನೆ. ಹೇಳಲು ಇಷ್ಟು ಸರಳವಾದ ಉಪಾಯ ಹೊಳೆದು ಜಾರಿಯಾಗಲು ಅಷ್ಟೊಂದು ಸಾವುಗಳಾಗಬೇಕಾಯಿತು.

ಇಷ್ಟಾದರೂ ಎಲ್ಲ ಸಾವೂ ಡಾಕ್ಟರು ತಡೆಯಬಲ್ಲ ಸಾವಲ್ಲ. 1994ರ ಇಮೋಲಾ ವಾರಾಂತ್ಯದಲ್ಲಿ ಅದು ವಾಟ್ಕಿನ್ಸ್‌ರಷ್ಟು ಇನ್ನಾರಿಗೂ ತಟ್ಟಿರಲಾರದು. ಶುಕ್ರವಾರ ರೂಬೆನ್ಸ್ ಬ್ಯಾರಿಕೆಲ್ಲೊ ಗೋಡೆಗೆ ಬಡಿದು ಪ್ರಜ್ಞೆ ತಪ್ಪಿದ. ಉಸಿರಿನ ದಾರಿ ತೆರೆದು ಅವನನ್ನು ಉಳಿಸಿದರು. ಶನಿವಾರ ರೋಲಂಡ್ ರಾಟ್ಜೆನ್‌ಬರ್ಗರ್ ತೀರಿಕೊಂಡ. ಅದನ್ನು ಕಂಡು ಅಳುತ್ತಿದ್ದ ಅಯರ್ಟನ್ ಸೆನ್ನಾನಿಗೆ ವಾಟ್ಕಿನ್ಸ್, ರೇಸು ಬಿಟ್ಟುಬಿಡು, ಇಬ್ಬರೂ ಮೀನು ಹಿಡಿಯಲು ಹೋಗೋಣ ಎಂದರು. ಸೆನ್ನಾ ಬಿಡಲಾರೆ ಎಂದ. ಮೇ 1ರ ಭಾನುವಾರ, ಟಂಬುರೆಲ್ಲೊ ತಿರುವಿನ ಪಕ್ಕ, ಆ ಗೆಳೆಯನ ಕುತ್ತಿಗೆಯಲ್ಲಿ ಉಸಿರಿಗೆ ದಾರಿ ಮಾಡಿದ ಕೈಗಳು ವಾಟ್ಕಿನ್ಸ್‌ರವೇ. ತಲೆಯ ಗಾಯ ನೋಡಿದ ಕೂಡಲೇ ಅವರಿಗೆ ಗೊತ್ತಾಗಿತ್ತು. ಕಾರು ತಲುಪಲು ಎಷ್ಟು ಸೆಕೆಂಡು ಹಿಡಿಯಿತು ಎಂಬುದರಿಂದ ಅಲ್ಲಿ ಏನೂ ಬದಲಾಗುವಂತಿರಲಿಲ್ಲ. ಆಮೇಲೆ ಅವರ ಅಧ್ಯಕ್ಷತೆಯಲ್ಲಿ ರಚನೆಯಾದ ಸಮಿತಿ ಕಾರು, ತಡೆಗೋಡೆ, ಹೆಲ್ಮೆಟ್ಟುಗಳನ್ನೆಲ್ಲ ಪರೀಕ್ಷೆಗೊಡ್ಡಿತು. ಡಾಕ್ಟರಿಂದಾಗದ ಕೆಲಸವನ್ನು ಎಂಜಿನಿಯರುಗಳಿಗೆ ಒಪ್ಪಿಸಿದ್ದೂ ಒಬ್ಬ ಡಾಕ್ಟರೇ.

ಇಲ್ಲಿಯವರೆಗೆ ದೊಡ್ಡ ಹೆಸರು. ನನಗೆ ಹೆಚ್ಚು ಹತ್ತಿರದವರು ಬೇರೆ ಇಬ್ಬರು. ಮರುವರ್ಷ, 1995ರ ನವೆಂಬರ್ 10ರ ಶುಕ್ರವಾರ, ಆಸ್ಟ್ರೇಲಿಯಾದ ಅಡಿಲೇಡ್. ಅರ್ಹತಾ ಸುತ್ತಿನಲ್ಲಿ ಫಿನ್ಲೆಂಡಿನ ಮಿಕಾ ಹಕ್ಕಿನೆನ್‌ನ ಕಾರಿನ ಹಿಂದಿನ ಟೈರಿನ ಗಾಳಿ ಹೋಗಿ ಕಾರು ತಡೆಗೋಡೆಗೆ ಅಪ್ಪಳಿಸಿತು. ತಲೆಬುರುಡೆ ಬಿರುಕುಬಿಟ್ಟಿತ್ತು. ದವಡೆ ಕಚ್ಚಿಕೊಂಡಿತ್ತು, ಬಾಯೊಳಗೆ ರಕ್ತ, ಉಸಿರಿಗೆ ದಾರಿಯಿಲ್ಲ. ಆ ತಿರುವಿನಲ್ಲಿ ಅವತ್ತು ಕೂತಿದ್ದವರು ಅಲ್ಲಿನ ರಾಯಲ್ ಅಡಿಲೇಡ್ ಆಸ್ಪತ್ರೆಯ ಜೆರೋಮ್ ಕಾಕಿಂಗ್ಸ್ ಮತ್ತು ಸ್ಟೀವ್ ಲೂಯಿಸ್ ಎಂಬ ಸ್ವಯಂಸೇವಕ ವೈದ್ಯರು. ಕ್ಷಣಗಳಲ್ಲಿ ಕಾರಿನ ಬಳಿಯಿದ್ದರು. ಬಾಯಿಂದ ಕೊಳವೆ ಇಳಿಸಲಾಗದೆ ಗಂಟಲ ಮುಂಭಾಗದಲ್ಲಿ ಚರ್ಮ ಕುಯ್ದು ಉಸಿರಿನ ದಾರಿ ತೆರೆದರು.

ಈ ಕ್ರಿಯೆಯನ್ನು ಪ್ರತಿಯೊಬ್ಬ ಅರಿವಳಿಕೆ ವಿದ್ಯಾರ್ಥಿಯೂ ಕಲಿಯುತ್ತಾನೆ. ಹೆಚ್ಚಿನವರು ಗೊಂಬೆಯ ಮೇಲೆ ಕಲಿತು, ಜೀವಮಾನದಲ್ಲಿ ಒಮ್ಮೆಯೂ ಮಾಡದೆ ನಿವೃತ್ತರಾಗುತ್ತಾರೆ. ಬೆಳ್ಳನೆಯ ದೀಪ, ನರ್ಸು, ಹೀರು ಯಂತ್ರ ಎಲ್ಲ ಇದ್ದಾಗಲೂ ಕೈ ನಡುಗಿಸುವ ಕೆಲಸ ಅದು. ಅವರು ಅದನ್ನು ಮಾಡಿದ್ದು ಬಿಸಿಲಲ್ಲಿ, ರಸ್ತೆ ಪಕ್ಕ, ಸುತ್ತ ಕ್ಯಾಮೆರಾಗಳಿರುವಾಗ. ಹಕ್ಕಿನೆನ್ ಎರಡು ತಿಂಗಳ ಹತ್ತಿರ ಆಸ್ಪತ್ರೆಯಲ್ಲಿದ್ದ. 1996ರ ಮಾರ್ಚಿನಲ್ಲಿ ಮೆಲ್ಬರ್ನಿನ ರೇಸಿನಲ್ಲಿ ಐದನೆಯವನಾಗಿ ಬಂದ. 1998, 1999ರಲ್ಲಿ ವಿಶ್ವ ಚಾಂಪಿಯನ್. ಅಡಿಲೇಡಿನ ಆ ಆಸ್ಪತ್ರೆಯ ಹೆಲಿಪ್ಯಾಡಿಗೆ ಹಣ ಕೊಟ್ಟು ಋಣ ನೆನೆದ. ಅವನ ಟ್ರೋಫಿಗಳ ಪಟ್ಟಿ ಎಲ್ಲರ ಬಾಯಲ್ಲಿದೆ. ಆ ಇಬ್ಬರ ಹೆಸರು ಹುಡುಕಿದರೆ ಮಾತ್ರ ಸಿಗುತ್ತದೆ.

ನಾನು ಈ ಕೆಲಸಕ್ಕೆ ಬರಲು ಕಾರಣ ಇನ್ನೊಬ್ಬರು. ಉತ್ತರ ಐರ್ಲೆಂಡಿನ ಜಾನ್ ಹೈಂಡ್ಸ್, ಅರಿವಳಿಕೆ ಮತ್ತು ತೀವ್ರ ನಿಗಾ ತಜ್ಞ. ಅಲ್ಲಿ ಹಳ್ಳಿ ರಸ್ತೆಗಳಲ್ಲೇ ಮೋಟಾರ್ ಸೈಕಲ್ ರೇಸು ನಡೆಯುತ್ತದೆ. ಪಕ್ಕದಲ್ಲಿ ಕಲ್ಲಿನ ಗೋಡೆ, ಲೈಟುಕಂಬ. ಹೈಂಡ್ಸ್ ಮತ್ತು ಅವರ ಹಿರಿಯ ಸಹೋದ್ಯೋಗಿ ಫ್ರೆಡ್ ಮ್ಯಾಕ್‌ಸಾರ್ಲಿ ತಾವೂ ಬೈಕುಗಳಲ್ಲೇ, ಬೆನ್ನಿಗೆ ಔಷಧ ಚೀಲ ಕಟ್ಟಿಕೊಂಡು, ಮೊದಲ ಸುತ್ತಿನಲ್ಲಿ ರೇಸಿನ ಹಿಂದೆ ಹೋಗುತ್ತಿದ್ದರು. ಜನ ಅವರನ್ನು ಹಾರುವ ಡಾಕ್ಟರುಗಳೆನ್ನುತ್ತಿದ್ದರು. 2015ರ ಜೂನಿನಲ್ಲಿ ಶಿಕಾಗೋದ ಸಮ್ಮೇಳನವೊಂದರಲ್ಲಿ ಹೈಂಡ್ಸ್ ರೇಸುಗಳ ಅನುಭವದ ಮೇಲೆ ಕೊಟ್ಟ ಉಪನ್ಯಾಸದ ವಿಡಿಯೋವನ್ನು ನಾನು ರಾತ್ರಿ ಡ್ಯೂಟಿಯ ನಡುವೆ ನೋಡಿದೆ. ನೋಡಿ ಮುಗಿಸಿ ಅವರ ಬಗ್ಗೆ ಹುಡುಕಿದರೆ, ಅವರು ಇಲ್ಲ. ಆ ಉಪನ್ಯಾಸವಾದ ಮರುತಿಂಗಳೇ, ಡಬ್ಲಿನ್ ಬಳಿಯ ಸ್ಕೆರೀಸ್ ರೇಸಿನ ಅಭ್ಯಾಸದ ವೇಳೆ, ವೈದ್ಯಕೀಯ ಕರ್ತವ್ಯದಲ್ಲಿದ್ದಾಗ ಬೈಕಿನಿಂದ ಬಿದ್ದು ಜುಲೈ 4ರಂದು ತೀರಿಕೊಂಡಿದ್ದರು. ಉತ್ತರ ಐರ್ಲೆಂಡಿಗೆ ಹೆಲಿಕಾಪ್ಟರ್ ಆಂಬುಲೆನ್ಸು ಬೇಕೆಂದು ಅವರು ಹೋರಾಡುತ್ತಿದ್ದರು. ಅದು 2017ರಲ್ಲಿ ಹಾರಿತು.

ಹೈಂಡ್ಸ್ ಒತ್ತಿ ಹೇಳುತ್ತಿದ್ದ ಒಂದು ಸಂಗತಿ ನನ್ನ ತಲೆಯಲ್ಲಿ ಕೂತುಬಿಟ್ಟಿತು. ತಲೆಗೆ ಜೋರು ಪೆಟ್ಟು ಬಿದ್ದ ಕ್ಷಣ ಕೆಲವರಿಗೆ ಉಸಿರು ನಿಂತುಬಿಡುತ್ತದೆ. ಮಿದುಳಿನಲ್ಲಿ ದೊಡ್ಡ ಗಾಯವಿಲ್ಲದಿದ್ದರೂ ನಿಲ್ಲಬಹುದು. ಪ್ರಾಣಿಗಳ ಮೇಲಿನ ಪ್ರಯೋಗಗಳಲ್ಲಿ ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಕಂಡಿದ್ದರು; ಆಮೇಲೆ ವೈದ್ಯಲೋಕ ಮರೆಯಿತು. ಮರೆಯಲು ಕಾರಣವೂ ಸ್ಪಷ್ಟ. ಆಸ್ಪತ್ರೆಯ ಡಾಕ್ಟರು ಇದನ್ನು ನೋಡುವುದೇ ಇಲ್ಲ. ರೋಗಿ ಅಲ್ಲಿಗೆ ತಲುಪುವ ಹೊತ್ತಿಗೆ ಒಂದೋ ಉಸಿರು ತಾನಾಗಿ ಮರಳಿರುತ್ತದೆ, ಇಲ್ಲವೇ ಹೃದಯವೂ ನಿಂತಿರುತ್ತದೆ. ನಿಂತರೆ ಕಾಗದದಲ್ಲಿ 'ತಲೆಗೆ ತೀವ್ರ ಗಾಯ' ಎಂದು ಬರೆದು ಮುಗಿಸುತ್ತೇವೆ. ಆ ನಡುವಿನ ಎರಡು ಮೂರು ನಿಮಿಷವನ್ನು ಕಂಡವರು ಟ್ರ್ಯಾಕಿನ ಪಕ್ಕ ಕೂತಿದ್ದವರು ಮಾತ್ರ. ಆ ಹೊತ್ತಿನಲ್ಲಿ ಬೇಕಾದದ್ದು ದೊಡ್ಡ ಔಷಧವಲ್ಲ. ಕುತ್ತಿಗೆ ಅಲುಗದಂತೆ ದವಡೆಯನ್ನು ಮುಂದಕ್ಕೆ ಎತ್ತಿ ಹಿಡಿಯುವುದು, ಬೇಕಾದರೆ ನಾಲ್ಕು ಉಸಿರು ಊದುವುದು. ಹೈಂಡ್ಸ್ ಸಹಲೇಖಕರಾಗಿದ್ದ ಈ ಕುರಿತ ಪ್ರಬಂಧ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು 2016ರಲ್ಲಿ, ಅವರು ಹೋದ ಮೇಲೆ.

ನನ್ನದೂ ಒಂದು ಪುಟ್ಟ ಕಥೆಯಿದೆ. ನಾಲ್ಕು ವರ್ಷದ ಹಿಂದೆ, ನಾನು ಕೂತಿದ್ದ ತಿರುವಿನಲ್ಲೇ ಒಬ್ಬ ಎಳೆಯ ಬೈಕ್ ಸವಾರ ಬಿದ್ದು ಉರುಳಿದ. ರೇಡಿಯೋದಲ್ಲಿ ಅನುಮತಿ ಬಂದದ್ದೇ ಓಡಿದೆವು. ಅಲುಗಾಟವಿಲ್ಲ. ಎದೆ ಏಳುತ್ತಿಲ್ಲ. ನನ್ನ ಕೈ ಅಭ್ಯಾಸಬಲದಿಂದ ಔಷಧದ ಚೀಲದ ಜಿಪ್ಪಿಗೆ ಹೋಯಿತು. ಅಷ್ಟರಲ್ಲಿ ವಯಸ್ಸಾದ ಮಾರ್ಷಲ್ ಒಬ್ಬರು ಮೊಣಕಾಲೂರಿ ಅವನ ತಲೆಯನ್ನು ಎರಡೂ ಕೈಯಿಂದ ಹಿಡಿದು, "ಸಾರ್, ಮೂಚ್ಚು" ಎಂದರು. ತಮಿಳಿನಲ್ಲಿ ಉಸಿರು. ಚೀಲ ಬಿಟ್ಟೆ. ಹೆಲ್ಮೆಟ್ಟಿನ ಗಾಜು ಮೇಲೆತ್ತಿ, ಬೆರಳು ತೂರಿಸಿ ದವಡೆಯನ್ನು ಮುಂದಕ್ಕೆ ಎಳೆದೆ. ಏನೂ ಇಲ್ಲ. ಏನೂ ಇಲ್ಲ. ಆಮೇಲೆ ಗೊರಕೆಯಂಥ ಒಂದು ಸದ್ದು, ಇನ್ನೊಂದು, ಎದೆ ಎದ್ದಿತು. ಆಂಬುಲೆನ್ಸಿನಲ್ಲಿ ಕಣ್ಣು ಬಿಟ್ಟು ಅವನು ಕೇಳಿದ ಮೊದಲ ಪ್ರಶ್ನೆ ಬೈಕು ಏನಾಯಿತು ಎಂದು.

ನಾನು ಅವನನ್ನು ಉಳಿಸಿದೆನೇ? ಗೊತ್ತಿಲ್ಲ. ನಾನು ಮುಟ್ಟದಿದ್ದರೂ ಇನ್ನೈದು ಸೆಕೆಂಡಿಗೆ ಅವನೇ ಉಸಿರೆಳೆಯುತ್ತಿದ್ದನೇನೋ. ಎಳೆಯದೆಯೂ ಇರಬಹುದಿತ್ತು. ಈ ಸೀಟಿನಲ್ಲಿ ಕೂರುವವನಿಗೆ ಆ ಲೆಕ್ಕ ಎಂದಿಗೂ ಸಿಗುವುದಿಲ್ಲ. ಮೊದಮೊದಲು ಅದು ನನ್ನನ್ನು ಕಾಡುತ್ತಿತ್ತು. ಈಗ, ಲೆಕ್ಕ ಸಿಗದಷ್ಟು ಬೇಗ ತಲುಪುವುದೇ ಈ ಕೆಲಸ ಅನ್ನಿಸುತ್ತದೆ. 2020ರ ನವೆಂಬರ್ 29ರಂದು ಬಹ್ರೇನಿನಲ್ಲಿ ರೊಮೇನ್ ಗ್ರೋಜಾನ್‌ನ ಕಾರು ತಡೆಬೇಲಿ ಸೀಳಿ ಉರಿಯತೊಡಗಿದಾಗ ವೈದ್ಯಕೀಯ ಕಾರು ಮೊದಲ ಸುತ್ತಿನ ಬೆನ್ನಿಗೇ ಇತ್ತು. ಅರ್ಧ ನಿಮಿಷದೊಳಗೆ ಗ್ರೋಜಾನ್ ಬೆಂಕಿಯಿಂದ ಹೊರಬಂದ. ಕೈ ಚಾಚಿ ಅವನನ್ನು ಹಿಡಿದುಕೊಂಡವರು ಡಾಕ್ಟರ್ ಇಯಾನ್ ರಾಬರ್ಟ್ಸ್. 1978ರಲ್ಲಿ ಪೊಲೀಸರು ತಡೆದ ಡಾಕ್ಟರು ನಲವತ್ತೆರಡು ವರ್ಷದ ನಂತರ ಗಾಯಾಳುವಿಗೆ ಕೈಯಳತೆಯಲ್ಲಿದ್ದ. ವಾಟ್ಕಿನ್ಸ್ ಅದನ್ನು ನೋಡಲಿಲ್ಲ, 2012ರಲ್ಲಿ ತೀರಿಕೊಂಡಿದ್ದರು.

ರೇಸು ಮುಗಿದು ಹೆದ್ದಾರಿಯಲ್ಲಿ ಬೆಂಗಳೂರಿಗೆ ಮರಳುವಾಗ ಬೇರೊಂದು ಯೋಚನೆ ಬರುತ್ತದೆ. ಕೇಂದ್ರ ಸರ್ಕಾರದ ಲೆಕ್ಕದಂತೆ 2022ರಲ್ಲಿ ನಮ್ಮ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರ ಹಿಂದೆ ಯಾವ ವೈದ್ಯಕೀಯ ಕಾರೂ ಓಡುತ್ತಿರಲಿಲ್ಲ. ಇದ್ದವರು ದಾರಿಹೋಕರು, ಅಂಗಡಿಯವರು, ಆಟೋದವರು. ಮುಟ್ಟಿದರೆ ಪೊಲೀಸು, ಕೋರ್ಟು ಎಂದು ಹೆದರಿ ದೂರ ನಿಂತವರೂ ಇದ್ದಾರು. ಆ ಹೆದರಿಕೆಯನ್ನು ತೆಗೆಯಲು ಕರ್ನಾಟಕವೇ ಮೊದಲು ಕಾನೂನು ಮಾಡಿದ ರಾಜ್ಯ: 2016ರಲ್ಲಿ ವಿಧಾನಮಂಡಲ ಒಪ್ಪಿದ, ನೆರವಾಗುವವರನ್ನು ರಕ್ಷಿಸುವ ಮಸೂದೆಗೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಇದು ಎಷ್ಟು ಜನಕ್ಕೆ ಗೊತ್ತೋ. ಸ್ಪಾದಲ್ಲಿ ಸ್ಪ್ಯಾನರು ಕೊಟ್ಟವನೂ ದಾರಿಯಲ್ಲಿ ನಿಂತಿದ್ದ ಒಬ್ಬ ನೋಡುಗನೇ ತಾನೆ.

ಕಳೆದ ಸಲ ಅಮ್ಮನಿಗೆ ಆ ಹುಡುಗನ ಕಥೆ ಹೇಳಿದೆ. ಪೂರ್ತಿ ಕೇಳಿದಳು. "ಆ ತಲೆ ಹಿಡ್ಕಂಡಿದ್ರಲ್ಲ, ಅವ್ರಿಗೆ ಎಷ್ಟು ವಯಸ್ಸು?" ಅಂದಳು. ಅರವತ್ತರ ಮೇಲಿರಬೇಕು ಎಂದೆ. "ಅವ್ರಿಗೂ ದುಡ್ಡು ಕೊಡಲ್ವಾ?" ಇಲ್ಲಮ್ಮ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಹೋಗುವಾಗ ಹೇಳು, ಇಬ್ಬರಿಗೂ ಚಕ್ಕಲಿ ಕಳಿಸ್ತೀನಿ" ಎಂದಳು.